ಮೊದಲು ಸಾಲು, ಆಮೇಲೆ ಸ್ಕೋರು

ಕೇಳುಗರಿಗೆಲ್ಲ ನಮಸ್ಕಾರ. ಸಿಡ್ನಿಯ ನಮ್ಮ ಕನ್ನಡ ಮನೆಗಳಲ್ಲಿ ಈಗ ಮಕ್ಕಳು ಕ್ರಿಕೆಟ್ ಜೊತೆಗೆ ರಗ್ಬಿ ಲೀಗನ್ನೂ ನೋಡುತ್ತಾರೆ, ಕೆಲವರು ಆಡುತ್ತಾರೆ. ಅವರ ಅಪ್ಪ ಅಮ್ಮಂದಿರು ಸಿಕ್ಕಾಗಲೆಲ್ಲ ಕೇಳುವುದು ಸಿಡ್ನಿಯದೇ ಕ್ಲಬ್ ವೆಸ್ಟ್ಸ್ ಟೈಗರ್ಸ್ ವಿಷಯ. 2022, 2023, 2024, ಮೂರು ವರ್ಷವೂ ಪಟ್ಟಿಯಲ್ಲಿ ಕಟ್ಟಕಡೆ. 2023ರಲ್ಲಿ ಟೌನ್ಸ್‌ವಿಲ್‌ನಲ್ಲಿ ಕೌಬಾಯ್ಸ್ ಕೈಯಲ್ಲಿ 74-0 ಸೋಲು. ಒಳ್ಳೆ ಸ್ಕೋರರ್ ಒಬ್ಬನನ್ನು ದುಡ್ಡು ಕೊಟ್ಟು ತಂದಿದ್ದರೆ ಸಾಕಿತ್ತು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 74 ಬಿಟ್ಟುಕೊಟ್ಟ ತಂಡದಲ್ಲಿ ಒಬ್ಬ ಸ್ಕೋರರ್ ಏನು ಮಾಡಿಯಾನು? ಸೋಲುವ ತಂಡ ಮೊದಲು ತನ್ನ ಡಿಫೆನ್ಸ್ ಸಾಲನ್ನು ಸರಿ ಮಾಡಿಕೊಳ್ಳಬೇಕು.

ಹೊಸಬರಿಗಾಗಿ ಆಟ ಹೇಳಿಬಿಡುತ್ತೇನೆ. ಒಂದು ಕಡೆ 13 ಜನ. ಚೆಂಡು ಇರುವ ತಂಡಕ್ಕೆ ಆರು ಟ್ಯಾಕಲ್‌ವರೆಗೆ ಅವಕಾಶ. ಟ್ಯಾಕಲ್ ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ನಿಲ್ಲಿಸುವುದು. ಪ್ರತಿ ಟ್ಯಾಕಲ್ ಆದಮೇಲೂ ಎದುರಿನವರು 10 ಮೀಟರ್ ಹಿಂದೆ ಹೋಗಿ, ಸಾಲು ಕಟ್ಟಿ, ಮತ್ತೆ ಮುಂದೆ ನುಗ್ಗಬೇಕು. ಕಬಡ್ಡಿಯಲ್ಲಿ ಕೈ ಹಿಡಿದು ನಿಂತ ಸರಪಳಿಯಿಂದ ಒಬ್ಬ ಅವಸರಪಟ್ಟು ಹಾರಿದರೆ ರೈಡರ್ ಆ ಸಂದಿಯಲ್ಲೇ ನುಸುಳುತ್ತಾನಲ್ಲ, ಇಲ್ಲೂ ಹಾಗೆಯೇ. ಒಬ್ಬ ಮುಂದಾದರೂ ತೂತು, ಒಬ್ಬ ಹಿಂದುಳಿದರೂ ತೂತು.

ಇದಕ್ಕೆ ಜ್ಯಾಕ್ ಗಿಬ್ಸನ್ ಕಥೆ ಹೇಳಲೇಬೇಕು. 1966ರಲ್ಲಿ ಈಸ್ಟರ್ನ್ ಸಬರ್ಬ್ಸ್, ಅಂದರೆ ಇಂದಿನ ರೂಸ್ಟರ್ಸ್, ಇಡೀ ಸೀಸನ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಒಂದೂ ಇಲ್ಲ! ಮರುವರ್ಷ ಗಿಬ್ಸನ್ ಕೋಚ್ ಆಗಿ ಬಂದರು. ಅದೇ ಕ್ಲಬ್‌ಗೆ ಹಿಂದೆ ಫಾರ್ವರ್ಡ್ ಆಗಿ ಆಡಿದವರು. ಅವರಿಗೆ ಬೇಕಾಗಿದ್ದದ್ದು ಟ್ಯಾಕಲ್. ಯಾರು ಎಷ್ಟು ಟ್ಯಾಕಲ್ ಮಾಡಿದರು ಅಂತ ಲೆಕ್ಕ ಇಡುವುದು ಸಿಡ್ನಿಯಲ್ಲಿ ಬೇರು ಬಿಟ್ಟಿದ್ದೇ ಅವರಿಂದ. ಎಷ್ಟು ಚೆನ್ನಾದ ಯೋಚನೆ ನೋಡಿ! ಟ್ರೈ ಹೊಡೆದವನ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡು ಊರಿ ಪಾಯಿಂಟ್ ತಂದವನ ಹೆಸರು ಪೇಪರಿನಲ್ಲಿ ತಾನಾಗಿ ಬರುತ್ತದೆ. ಎಂಬತ್ತು ನಿಮಿಷ ಸಾಲಿನಲ್ಲಿ ನಿಂತು ಪೆಟ್ಟು ತಿಂದವನನ್ನು ಲೆಕ್ಕ ಇಟ್ಟರೆ ಮಾತ್ರ ಗುರುತಿಸಬಹುದು. ಸೊನ್ನೆ ಗೆಲುವಿನ ಆ ತಂಡ 1967ರಲ್ಲಿ ಪಟ್ಟಿಯ ಮೊದಲ ನಾಲ್ಕು ತಂಡಗಳಲ್ಲಿ ಒಂದಾಯಿತು.

ಆ ವರ್ಷ ನಿಯಮವೂ ಬದಲಾಗಿತ್ತು, ಟ್ಯಾಕಲ್‌ಗೆ ಮಿತಿ ಬಂದಿದ್ದೇ ಆಗ, ಮೊದಲು ನಾಲ್ಕು ಅಂತ. ಅದರಿಂದಲೇ ಗೆದ್ದರು ಅನ್ನುವವರಿದ್ದಾರೆ. ನಿಯಮ ಎಲ್ಲ ತಂಡಗಳಿಗೂ ಒಂದೇ ಅಲ್ವಾ?

ಗಿಬ್ಸನ್ ಅದೇ ಕ್ಲಬ್‌ಗೆ ಮತ್ತೆ ಬಂದು 1974ರಲ್ಲೂ 1975ರಲ್ಲೂ ಪ್ರಶಸ್ತಿ ಗೆಲ್ಲಿಸಿದರು. 1975ರ ಫೈನಲ್‌ನಲ್ಲಿ ಸೇಂಟ್ ಜಾರ್ಜ್ ವಿರುದ್ಧ 38-0. ಆ 38ನ್ನು ಎಲ್ಲರೂ ಹೊಗಳುತ್ತಾರೆ. ದಯವಿಟ್ಟು ಆ ಸೊನ್ನೆಯನ್ನು ನೋಡಿ. ಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ! ಆಮೇಲೆ ಪ್ಯಾರಮಟ್ಟಾ. 1947ರಿಂದ ಆಡುತ್ತಿದ್ದ ಕ್ಲಬ್, ಒಮ್ಮೆಯೂ ಗೆದ್ದಿರಲಿಲ್ಲ. ಗಿಬ್ಸನ್ ಬಂದಮೇಲೆ 1981, 82, 83, ಸಾಲಾಗಿ ಮೂರು.

ಟೈಮ್ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಡಿಫೆನ್ಸ್‌ನಲ್ಲಿ ಎರಡು ದಾರಿ. ಒಂದು, ಎಲ್ಲರೂ ಒಟ್ಟಿಗೆ ನುಗ್ಗಿ ಚೆಂಡಿಗೆ ಜಾಗವೇ ಕೊಡದಿರುವುದು. ಇನ್ನೊಂದು, ಅಂಚಿನಲ್ಲಿ ಎದುರಾಳಿಗಳು ಜಾಸ್ತಿ ಇದ್ದಾಗ ಇಡೀ ಸಾಲು ಪಕ್ಕಕ್ಕೆ ಸರಿಯುತ್ತಾ ಅವರನ್ನು ಸೈಡ್‌ಲೈನ್ ಕಡೆಗೆ ತಳ್ಳುವುದು. ಯಾವುದಾದರೂ ಆಗಲಿ, ಇಡೀ ಸಾಲು ಒಂದನ್ನೇ ಮಾಡಬೇಕು. ಅಂಚಿನ ಹತ್ತಿರ ನಿಲ್ಲುವ ಸೆಂಟರ್ ಅನ್ನುವ ಆಟಗಾರ ಒಬ್ಬನೇ ಒಳಗೆ ಓಡಿ ಬಂದರೆ ಅವನ ಹಿಂದೆ ಬಾಗಿಲು ತೆರೆದಂತೆಯೇ. ಅದಕ್ಕೇ ಸಾಲಿನಲ್ಲಿ ಮಾತು ನಿಲ್ಲಬಾರದು. ಸುಸ್ತಾದ ತಂಡ ಮೊದಲು ಬಿಡುವುದು ಮಾತನ್ನೇ. ಪ್ರಾಕ್ಟೀಸ್‌ನಲ್ಲಿ ಮಕ್ಕಳು ಸುಮ್ನೆ ನಿಂತಿದ್ದರೆ ನಾನು ಅಲ್ಲೇ ಆಟ ನಿಲ್ಲಿಸುತ್ತೇನೆ.

ಮಕ್ಕಳನ್ನು ಕಳಿಸುವವರಿಗೆ ಇನ್ನೊಂದು ಮಾತು. ಟ್ಯಾಕಲ್ ಮಾಡುವಾಗ ತಲೆ ಎದುರಾಳಿಯ ಮೈ ಮುಂದೆ ಅಡ್ಡ ಹೋಗಬಾರದು, ಅವನ ಪಕ್ಕಕ್ಕೋ ಹಿಂದಕ್ಕೋ ಇರಬೇಕು. ಭುಜ ಮೊದಲು ತಾಗಬೇಕು, ಕಣ್ಣು ತೆರೆದಿರಬೇಕು. ಇದನ್ನು ಕಲಿಸದ ಕೋಚ್ ಇದ್ದರೆ ಹೋಗಿ ಕೇಳಿ, ಸಂಕೋಚ ಬೇಡ. ನಮಸ್ಕಾರ.