ಕುಡಿಯೋ ಹೊತ್ತಿಗೇ ಓದಿ

ನಮಸ್ಕಾರ. ಹೋದ ವಿಡಿಯೋಗೆ ಒಬ್ಬರು ಬರೆದಿದ್ದಾರೆ: "ಪುಸ್ತಕ ಓದಿದ್ರೆ ಎಣ್ಣೆ ಬಿಡುತ್ತಾ? ನಮ್ಮಣ್ಣಂಗೆ ಹತ್ತು ಪುಸ್ತಕ ತಂದುಕೊಟ್ವಿ, ಒಂದೂ ಮುಟ್ಲಿಲ್ಲ."

ಹತ್ತು ಪುಸ್ತಕ ಕೊಟ್ರಿ, ಸರಿ. ಯಾವ ಹೊತ್ತಿಗೆ ಓದಬೇಕು ಅಂತ ಹೇಳಿದ್ರಾ? ಮಲಗೋ ಮುಂಚೆ ಓದು ಅಂದಿರ್ತೀರಿ. ಆರೂವರೆಗೇ ವೈನ್ ಶಾಪ್ ಮುಂದೆ ನಿಲ್ಲೋ ಮನುಷ್ಯನಿಗೆ ಒಂಬತ್ತು ಗಂಟೆಯ ಪುಸ್ತಕ ಏನು ಮಾಡುತ್ತೆ? ಕುಡಿಯೋ ಹೊತ್ತಿಗೇ ಓದಬೇಕು.

ಮೊದಲು ಒಂದು ಮಾತು, ದಯವಿಟ್ಟು ಕೇಳಿ. ದಿನಾ ಜಾಸ್ತಿ ಕುಡಿಯೋರು ಮನೇಲೇ ದಿಢೀರ್ ಅಂತ ನಿಲ್ಲಿಸಬಾರದು. ಕೊನೇ ಸಲ ಕುಡಿದು 6 ಗಂಟೆ ದಾಟಿದ್ರೆ ಕೈನಡುಕ ಶುರುವಾಗಬಹುದು, ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದು ಕಾಣಿಸಿ ಜೀವಕ್ಕೇ ಕುತ್ತು ಬರಬಹುದು. ಆಗ ಬೇಕಾಗಿರೋದು ಡಾಕ್ಟರು, ಬಿ1 ವಿಟಮಿನ್ನು. ನಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆ ಇದೆ, ಇಲ್ಲಾಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416ಕ್ಕೆ ಫೋನ್ ಮಾಡಿ. ಓದು ಆಮೇಲೆ.

ಆಮೇಲೂ ದಪ್ಪ ಕಾದಂಬರಿ ಕೊಡಬೇಡಿ. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಗಮನ ನಿಲ್ಲಲ್ಲ, ಒಂದೇ ಸಾಲನ್ನ ಮೂರು ಸಲ ಓದ್ತಾರೆ, ನನ್ನ ತಲೆ ಕೆಟ್ಟಿದೆ ಅಂದ್ಕೊಂಡು ಪುಸ್ತಕ ಎಸೀತಾರೆ. ಎರಡು ಪುಟದ ಕಥೆ ಕೊಡಿ. ದಪ್ಪಕ್ಷರದ ಮಕ್ಕಳ ಪುಸ್ತಕ ಆದ್ರೂ ನಡೆಯುತ್ತೆ. ಐದೂವರೆಗೆ ಹೊಟ್ಟೆಗೆ ಏನಾದ್ರೂ ಹಾಕಿ, ಖಾಲಿ ಹೊಟ್ಟೇಲಿ ಕುಡಿಯೋ ಚಪಲ ಹೆಚ್ಚು. ದಿನಾ ಕುಡೀತಿದ್ದ ಕುರ್ಚಿ ಬೇಡ, ಬೇರೆ ಕಡೆ ಕೂರಿಸಿ. ಮೊಬೈಲಲ್ಲಿ ಓದೋದೂ ಬೇಡ, ಹಳೇ ಗೆಳೆಯನ ಕಾಲ್ ಬರೋದೇ ಅದರಲ್ಲಿ.

ಆಮೇಲೆ ಆರಕ್ಕೆ ಸರಿಯಾಗಿ ಗಟ್ಟಿಯಾಗಿ ಓದಬೇಕು, ಸಾಲಿನ ಕೆಳಗೆ ಬೆರಳಿಟ್ಟು. ಕಣ್ಣು, ಬಾಯಿ, ಕಿವಿ, ಕೈ ಎಲ್ಲಕ್ಕೂ ಕೆಲಸ. ಚಪಲ ಅಲೆ ಇದ್ದಂಗೆ, ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಇಳಿಯುತ್ತೆ. ಆ ಅರ್ಧ ಗಂಟೆ ದಾಟಿಸೋಕೆ ಪುಸ್ತಕ. ಕಥೆ ಮುಗಿಯೋಕೆ ಅರ್ಧ ಪುಟ ಇರುವಾಗ ನಿಲ್ಲಿಸಿ, ನಾಳೆ ಆರಕ್ಕೆ ಅದೇ ಎಳ್ಕೊಂಡು ಬರುತ್ತೆ.

"ವಿಲ್‌ಪವರ್ ಇದ್ರೆ ಸಾಕು, ಪುಸ್ತಕ ಯಾಕೆ" ಅಂತೀರಿ. ಸಾಕಾಗಿದ್ರೆ ಇಷ್ಟೊತ್ತಿಗೆ ಬಿಟ್ಟಿರ್ತಿದ್ರು! 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್‌ನೋರು ನಾಲ್ಕೇ ವರ್ಷಕ್ಕೆ ಪುಸ್ತಕ ತಂದ್ರು. ಇವತ್ತಿಗೂ ಎಷ್ಟೋ ಮೀಟಿಂಗಲ್ಲಿ ಅದನ್ನ ಗಟ್ಟಿಯಾಗಿ ಓದ್ತಾರೆ, ಗೊತ್ತಾದ ಹೊತ್ತಿಗೆ ಒಟ್ಟಿಗೆ ಕೂತು. ಹೊತ್ತು ಮುಖ್ಯ!

2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಂಜೆ ಆರು ಗಂಟೆ ನಿಂತಿತಾ? ನೈಂಟಿ ಪ್ಯಾಕೆಟ್ಟು ಅದೇ ಹೊತ್ತಿಗೆ ಬಂದು ಕೂತಿತು. ಅಲ್ಲೇ ಪುಸ್ತಕ ಇಡಬೇಕು ಅಂತ ನಾನು ಹೇಳೋದು!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಎರಡು ಪುಟದ ಕಥೆ ಹುಡುಕೋದು ಹೇಗೆ ಅಂತ ಮುಂದಿನ ಎಪಿಸೋಡಲ್ಲಿ ಹೇಳ್ತೀನಿ. ಒಂದು ದಿನ ಜಾರಿ ಕುಡಿದ್ರೆ ಬೈಯಬೇಡಿ, ಡಾಕ್ಟರಿಗೆ ತಿಳಿಸಿ, ಆವತ್ತು ಪುಸ್ತಕ ಎಷ್ಟು ಗಂಟೆಗೆ ತೆರೆದಿದ್ರು ಅಂತ ನೋಡಿ. ಏಳಕ್ಕಾ? ತಡ ಆಯ್ತು. ಆರಕ್ಕೆ, ಅಣ್ಣ. ಆರಕ್ಕೆ!