ಹಣ್ಣಾಗಲಿ ಎಂದು ಕಾಯುವ ಕಣ್ಣು

ಕೇಳುಗರಿಗೆ ನಮಸ್ಕಾರ.

ನನ್ನ ಸೋದರತ್ತೆಯವರು ಲೋಟಕ್ಕೆ ಚಹಾ ಬಗ್ಗಿಸುವಾಗ ತೋರುಬೆರಳನ್ನು ಅಂಚಿನೊಳಗೆ ಇಳಿಬಿಟ್ಟುಕೊಂಡು, ಬೆರಳಿಗೆ ಬಿಸಿ ತಾಗಿದ ಕೂಡಲೇ ಪಾತ್ರೆಯನ್ನು ಎತ್ತಿಬಿಡುತ್ತಿದ್ದರು. ಅದು ಅವರ ರೂಢಿಯೆಂದೇ ನಾವೆಲ್ಲ ತಿಳಿದಿದ್ದೆವು. ಲೋಟ ತುಂಬಿದ್ದು ಅವರಿಗೆ ಕಾಣುತ್ತಲೇ ಇರಲಿಲ್ಲವೆಂಬುದು ಗೊತ್ತಾಗಲು ತುಂಬಿದ ಮನೆಗೆ ಎರಡು ವರ್ಷ ಬೇಕಾಯಿತು. ಗೊತ್ತಾದ ಮೇಲೂ ಇನ್ನೊಂದು ವರ್ಷ ಸುಮ್ಮನೆ ಕಳೆಯಿತು. ಏಕೆಂದರೆ ನೆರೆಮನೆಯ ಹಿರಿಯರು, "ಪೊರೆ ಇನ್ನೂ ಎಳೆಯದು, ಹಣ್ಣಾಗಲಿ" ಎಂದುಬಿಟ್ಟಿದ್ದರು.

ಕಣ್ಣಿನ ಪೊರೆ ಬಲಿಯುವ ತನಕ ಆಪರೇಷನ್ ಬೇಡ ಎನ್ನುವ ಈ "ಹಣ್ಣಾಗಲಿ" ಎಂಬ ಮಾತನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಐವತ್ತು ದಾಟಿದವರ ಪೈಕಿ ಶೇಕಡ 1.99ರಷ್ಟು ಮಂದಿ ಅಂಧರು. ಅವರಲ್ಲಿ ಶೇಕಡ 66.2ರಷ್ಟು ಜನರ ದೃಷ್ಟಿ ಹೋಗಿರುವುದು ಕಣ್ಣಿನ ಪೊರೆಯಿಂದ. ಎಂದರೆ, ಮೂವರಲ್ಲಿ ಇಬ್ಬರದು ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ನೀಗಬಹುದಾದ ಕುರುಡು. ಪಾಪೆಯ ಹಿಂದಿರುವ ತಿಳಿಯಾದ ಮಸೂರವು, ಬೇಯುತ್ತಿರುವ ಮೊಟ್ಟೆಯ ಲೋಳೆಯಂತೆ, ವಯಸ್ಸಾದ ಹಾಗೆ ಮಬ್ಬಾಗುತ್ತದೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗದಷ್ಟೇ ಖಚಿತವಾಗಿ, ಯಾವ ಹನಿಯಿಂದಲೂ ಯಾವ ಸೊಪ್ಪಿನ ರಸದಿಂದಲೂ ಈ ಮಸೂರ ತಿಳಿಯಾಗದು.

ಹಾಗಾದರೆ ಹಣ್ಣಾಗಲಿ ಎಂದವರು ದಡ್ಡರೇ? ಖಂಡಿತ ಅಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ, ಒಮ್ಮೆ ಒಂದೇ ದಿನ 833 ಕಣ್ಣುಗಳ ಪೊರೆ ತೆಗೆದ ಆ ಕಾಲದಲ್ಲಿ, ಮಸೂರವನ್ನು ಇಡಿಯಾಗಿ ಹೊರತೆಗೆಯುವುದೇ ವಾಡಿಕೆಯಾಗಿತ್ತು. ಅದರ ಜಾಗಕ್ಕೆ ಬೇರೊಂದನ್ನು ಕೂರಿಸುತ್ತಿರಲಿಲ್ಲವಾದ್ದರಿಂದ ರೋಗಿಯು ಬದುಕಿಡೀ ಸೋಡಾಬುಡ್ಡಿ ಕನ್ನಡಕಕ್ಕೆ ಕಟ್ಟುಬೀಳಬೇಕಿತ್ತು. ಅದು ಕಳೆದರೆ ಕಣ್ಣಿದ್ದೂ ಇಲ್ಲದಂತೆ. ಇಷ್ಟು ಬೆಲೆ ತೆರುವ ಮೊದಲು ಇರುವ ನೋಟವೆಲ್ಲ ಮುಗಿಯಲಿ ಎಂದು ಕಾಯುವುದರಲ್ಲಿ ಅರ್ಥವಿತ್ತು. ಈಗ ಮಸೂರದ ಚೀಲವನ್ನು ಅಲ್ಲಿಯೇ ಉಳಿಸಿ, ಅದರೊಳಗೆ ಕೃತಕ ಲೆನ್ಸ್ ಕೂರಿಸುತ್ತಾರೆ. ಮಧುರೈಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಎಂಬ ತಯಾರಿಕಾ ಘಟಕ ಸ್ಥಾಪಿಸಿ ಈ ಲೆನ್ಸನ್ನು ನಮ್ಮ ದೇಶದಲ್ಲಿಯೇ ತಯಾರಿಸತೊಡಗಿದ ಮೇಲೆ ಅದು ಬಡವರ ಕೈಗೂ ಎಟುಕಿತು. ಕಾಯುವ ಕಾರಣ ಹೋಯಿತು, ಮಾತು ಮಾತ್ರ ಉಳಿಯಿತು.

ಉಳಿದ ಮಾತಿನಿಂದ ಕೇಡೂ ಇದೆ. ಬಲಿತ ಪೊರೆ ಗಟ್ಟಿಯಾಗಿ ವೈದ್ಯರ ಕೆಲಸವನ್ನು ಕಠಿಣಗೊಳಿಸುತ್ತದೆ. ತೀರಾ ಬಲಿತದ್ದು ಊದಿಕೊಂಡೋ ಸೋರಿಯೋ ಕಣ್ಣಿನೊಳಗಿನ ಒತ್ತಡವನ್ನು ಏರಿಸಬಹುದು. ಕಣ್ಣು ಕೆಂಪಾಗಿ, ತಲೆ ಸಿಡಿಯುವಂತಹ ನೋವು ಬಂದು, ಕೆಲವೇ ದಿನಗಳಲ್ಲಿ ಕಣ್ಣಿನ ನರವೇ ಕೆಟ್ಟುಹೋದರೆ, ಆಮೇಲೆ ಪೊರೆ ತೆಗೆದರೂ ಬೆಳಕು ಮರಳದು. ಸಕ್ಕರೆ ಕಾಯಿಲೆಯಿಂದ, ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ಪದರವಾದ ಅಕ್ಷಿಪಟಲಕ್ಕೆ ಆಗುತ್ತಿರುವ ಹಾನಿಯೂ ದಟ್ಟವಾದ ಪೊರೆಯ ಹಿಂದೆ ವೈದ್ಯರಿಗೆ ಕಾಣದೆ ಉಳಿದುಬಿಡಬಹುದು.

ಹೆಚ್ಚಾಗಿ ಕಾಯುವವರು ಹೆಂಗಸರು ಎಂಬುದು ನಾನು ಕಂಡ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಜೊತೆಗೆ ಬರುವವರ ಒಂದು ದಿನದ ಕೂಲಿ ತಪ್ಪುತ್ತದೆ, ಬಸ್ಸಿಗೂ ದುಡ್ಡು ಬೇಕು. ಬಿತ್ತನೆ ಮುಗಿಯಲಿ, ಮೊಮ್ಮಗಳ ಬಾಣಂತನ ಕಳೆಯಲಿ, ಬೇಸಿಗೆಯಲ್ಲಿ ಬೇಡ ಎನ್ನುತ್ತಾ ವರ್ಷ ಉರುಳುತ್ತದೆ. ಮುದುಕಿಗೆ ಏನು ನೋಡುವುದಿದೆ ಎಂಬ ಮಾತನ್ನು ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ, ಮುದುಕಿಯೇ ಹೇಳಿಕೊಳ್ಳುತ್ತಾಳೆ.

ಆದುದರಿಂದ ಇಂದು ಸಂಜೆಯೇ ನಿಮ್ಮ ಮನೆಯ ಹಿರಿಯರನ್ನು ಬೆಳಕಿನಲ್ಲಿ ಕೂರಿಸಿ, ಹತ್ತು ಅಡಿ ದೂರ ನಿಂತು, ಒಂದು ಕಣ್ಣು ಮುಚ್ಚಿಸಿ ನಿಮ್ಮ ಬೆರಳುಗಳನ್ನು ಎಣಿಸಲು ಹೇಳಿ. ಬಳಿಕ ಇನ್ನೊಂದನ್ನು ಮುಚ್ಚಿಸಿ. ಎಣಿಕೆ ತಪ್ಪಿದರೆ, ಅಥವಾ ಎಣಿಸಿದರೂ ಮಂಜು ಎಂದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ.

ನಮ್ಮತ್ತೆಯವರ ಬಲಗಣ್ಣಿನ ಪೊರೆ ತೆಗೆಸಿ ಎಂಟು ತಿಂಗಳಾಯಿತು. ಈಗ ಅಕ್ಕಿಯಲ್ಲಿನ ಕಲ್ಲನ್ನು ಅವರೇ ಆರಿಸುತ್ತಾರೆ, ನಾವು ಬಿಟ್ಟದ್ದನ್ನು ಎತ್ತಿ ತೋರಿಸಿ ಬೈಯುವುದೂ ಉಂಟು. ಎಡಗಣ್ಣಿನ ಮಾತೆತ್ತಿದರೆ ಮಾತ್ರ, "ಒಂದು ಸಾಕು, ಇದು ಹಣ್ಣಾಗಲಿ" ಎನ್ನುತ್ತಾರೆ. ಬರುವ ಸೋಮವಾರ ಅವರನ್ನು ಕರೆದುಕೊಂಡು ಹೋಗಲು ನಾನು ರಜೆ ಹಾಕಿದ್ದೇನೆ.

ನಮಸ್ಕಾರ.