ಒಮ್ಮೆ ಸ್ಟಾರ್ಟ್ ಆಗಿ ಇನ್ನೊಮ್ಮೆ ಆಗದ ಕಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಎಂದೂ ಸ್ಟಾರ್ಟ್ ಆಗದ ಕಾರನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ವಾರವಿಡೀ ಸರಿಯಾಗಿ ಓಡಾಡಿ, ಶಿರಾಡಿ ಘಾಟಿ ಹತ್ತಿ ಬಂದು ಸಕಲೇಶಪುರದಲ್ಲಿ ಕಾಫಿಗೆಂದು ನಿಲ್ಲಿಸಿದಾಗ ಮಾತ್ರ ಕೀಲಿಗೆ ಸ್ಪಂದಿಸದೆ, ಅರ್ಧ ಗಂಟೆಯ ಮೇಲೆ ತಾನಾಗಿಯೇ ಹೊರಡುವ ಕಾರು ಇದೆಯಲ್ಲ, ಅದರ ದೋಷವನ್ನು ಹುಡುಕುವುದೇ ಕಷ್ಟ. ಅಂಥ ಕಾರು ಹಾಸನದ ನಮ್ಮ ಗ್ಯಾರೇಜುಗಳಿಗೆ ಬಂದಾಗ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ದೋಷ ಕಣ್ಣೆದುರಿಗೆ ಇಲ್ಲದ ಕಾರಣ ಊಹೆಯ ಮೇಲೆ ಬ್ಯಾಟರಿ ಬದಲಾಗುತ್ತದೆ, ಅದಾದ ಮೇಲೆ ಎಂಜಿನ್ನನ್ನು ಮೊದಲು ತಿರುಗಿಸಿ ಕೊಡುವ ಸೆಲ್ಫ್ ಮೋಟರ್ ಬಿಚ್ಚಲಾಗುತ್ತದೆ, ಸಾವಿರಾರು ರೂಪಾಯಿ ಖರ್ಚಾದ ಮೇಲೂ ಕಾರು ಮತ್ತೊಂದು ದಿನ ಕೈಕೊಡುತ್ತದೆ. ಇದನ್ನು ತಪ್ಪಿಸಬಲ್ಲವರು ಮೆಕ್ಯಾನಿಕ್‌ಗಿಂತ ಹೆಚ್ಚಾಗಿ ಕಾರಿನ ಮಾಲೀಕರೇ, ಏಕೆಂದರೆ ಕಾರು ನಿಂತ ಆ ಎರಡು ನಿಮಿಷದಲ್ಲಿ ಅದರ ಜೊತೆಯಲ್ಲಿ ಇರುವವರು ಅವರು.

ಆಗ ಮೊದಲು ಗಮನಿಸಬೇಕಾದದ್ದು ಒಂದೇ ಸಂಗತಿ: ಕೀಲಿ ತಿರುಗಿಸಿದಾಗ ಸೆಲ್ಫ್ ಹೊಡೆಯುತ್ತಿದೆಯೇ, ಇಲ್ಲವೇ? ಎಂಜಿನ್ ತಿರುಗುತ್ತಿದ್ದರೂ ಹತ್ತಿಕೊಳ್ಳದಿರುವುದು ಒಂದು ಕಾಯಿಲೆ, ಎಂಜಿನ್ ತಿರುಗದೇ ಇರುವುದು ಬೇರೆಯೇ ಕಾಯಿಲೆ. “ಸ್ಟಾರ್ಟ್ ಆಗುತ್ತಿಲ್ಲ” ಎಂದಷ್ಟೇ ಹೇಳಿದರೆ ಎರಡೂ ಒಂದೇ ಆಗಿಬಿಡುತ್ತವೆ.

ಸೆಲ್ಫ್ ಹೊಡೆಯದಿದ್ದರೆ ಹೆಡ್‌ಲೈಟ್ ಹಾಕಿಕೊಂಡು ಇನ್ನೊಮ್ಮೆ ಕೀಲಿ ತಿರುಗಿಸಿ, ಬೆಳಕನ್ನು ನೋಡಿ, ಸದ್ದನ್ನು ಕೇಳಿ. ಬೆಳಕು ತೀರಾ ಮಂಕಾಗಿ ಟಕಟಕ ಎಂಬ ಸದ್ದು ಒಂದೇ ಸಮನೆ ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್‌ಗಳು ಸಡಿಲವಾಗಿವೆ ಎಂದು ತಿಳಿಯಬಹುದು. ಒಂದೇ ಒಂದು ಗಟ್ಟಿಯಾದ “ಟಕ್” ಕೇಳಿಸಿ ಬೆಳಕು ಹಾಗೆಯೇ ಇದ್ದರೆ ಸಂಶಯ ಸೆಲ್ಫ್ ಮೋಟರಿನ ಸವೆದ ಕಾರ್ಬನ್ ಬ್ರಷ್‌ಗಳ ಮೇಲೆ, ಅದಕ್ಕೆ ಕರೆಂಟ್ ಹರಿಸುವ ವಿದ್ಯುತ್ಕಾಂತದ ಸ್ವಿಚ್ಚಾದ ಸೊಲೆನಾಯ್ಡ್ ಒಳಗಿನ ಸುಟ್ಟ ಕಾಂಟ್ಯಾಕ್ಟ್‌ಗಳ ಮೇಲೆ ಹೋಗುತ್ತದೆ. ಬೆಳಕೂ ಕುಗ್ಗದೆ ಸದ್ದೂ ಬಾರದಿದ್ದರೆ ಕೀಲಿಯ ಆಜ್ಞೆ ಸೆಲ್ಫ್‌ವರೆಗೆ ತಲುಪುತ್ತಲೇ ಇಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚಾದ ರಿಲೇ, ಕೀಲಿ ತಿರುಗಿಸುವ ಇಗ್ನಿಷನ್ ಸ್ವಿಚ್, ಕ್ಲಚ್ ಪೆಡಲಿನ ಬಳಿಯ ಸ್ವಿಚ್ ಇವುಗಳಲ್ಲಿ ಹುಡುಕಬೇಕು.

ಬ್ಯಾಟರಿಯನ್ನು ಊಹೆಯಿಂದ ಬದಲಿಸುವ ಅಗತ್ಯವೇ ಇಲ್ಲ, ಅಳೆದು ನೋಡಲು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಇದ್ದರೆ ಅರ್ಧದಷ್ಟು ಖಾಲಿಯಾಗಿದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ, ಆದರೂ ಹೊಸ ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಬೇಕೆಂದೇ ಏರಿಸಿ ಇಳಿಸುವುದುಂಟು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಮಲೆನಾಡಿನ ಮಳೆಗೂ ಈ ದೋಷಕ್ಕೂ ಹತ್ತಿರದ ನಂಟಿದೆ. ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರ ಕಾರು ಬ್ಯಾಟರಿ ಹೊಸದಾದ ಮೇಲೂ, ಸೆಲ್ಫ್ ರಿಪೇರಿಯಾದ ಮೇಲೂ ಆಗಾಗ ನಿಲ್ಲುತ್ತಲೇ ಇತ್ತು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿದಾಗ ಎರಡು ವೋಲ್ಟಿಗಿಂತ ಹೆಚ್ಚು ತೋರಿಸಿತು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಇರಲೇಬಾರದು. ಎಂಜಿನ್ನಿಗೂ ಕಾರಿನ ಲೋಹದ ಚೌಕಟ್ಟಾದ ಚಾಸಿಗೂ ನಡುವೆ, ಕರೆಂಟ್ ಬ್ಯಾಟರಿಗೆ ಹಿಂದಿರುಗಲು ಇರುವ ಹೆಣೆದ ಅರ್ತ್ ಪಟ್ಟಿ ಮೇಲುನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿದಾಗ ಅದರ ಕಿವಿಯ ಅಡಿಯಲ್ಲಿ ತುಕ್ಕು ಪುಡಿಪುಡಿಯಾಗಿ ಉದುರಿತು, ತಾಮ್ರದ ಎಳೆಗಳು ಹಸಿರುಗಟ್ಟಿದ್ದವು.

ಇಂಥ ದೋಷ ಸಾಧಾರಣ ಪರೀಕ್ಷೆಗೆ ಏಕೆ ಸಿಗುವುದಿಲ್ಲ ಎಂಬುದಕ್ಕೆ ಸರಳವಾದ ಲೆಕ್ಕವಿದೆ. ಚಿಕ್ಕ ಪೆಟ್ರೋಲ್ ಕಾರಿನ ಸೆಲ್ಫ್ ಮೋಟರ್ ಸುಮಾರು 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಜೋಡಣೆಯಲ್ಲಿ ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ಪ್ರತಿರೋಧವಿದ್ದರೂ ಅಲ್ಲಿಯೇ 1.5 ವೋಲ್ಟ್ ಕಳೆದುಹೋಗುತ್ತದೆ. ಅಷ್ಟು ಅಲ್ಪವಾದ ಪ್ರತಿರೋಧವನ್ನು ಮಲ್ಟಿಮೀಟರಿನ ಓಮ್ ಅಳತೆ ಗುರುತಿಸಲಾರದು, ಟೆಸ್ಟ್ ಲ್ಯಾಂಪ್ ಕೂಡ ಚೆನ್ನಾಗಿಯೇ ಉರಿಯುತ್ತದೆ. ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು, ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್ ಬ್ರೇಕ್ ಎಳೆದಿದೆ ಎಂದು ಖಚಿತ ಮಾಡಿಕೊಂಡ ಮೇಲೆಯೇ ಅಳೆಯಬೇಕು.

ಘಾಟಿ ಹತ್ತಿ ಬಂದ ಮೇಲೆ ಮಾತ್ರ ಕೈಕೊಡುವ ಕಾರಿನಲ್ಲಿ ಶಾಖವೇ ಕಾರಣವಾಗಿರಬಹುದು. ಎಂಜಿನ್ ನಿಲ್ಲಿಸಿದೊಡನೆ ನೀರಿನ ಓಡಾಟವೂ ಗಾಳಿಯೂ ನಿಂತು, ಬಾನೆಟ್ ಒಳಗಿನ ಬಿಸಿ ಕೆಲವು ನಿಮಿಷ ಇನ್ನಷ್ಟು ಏರುತ್ತದೆ. ತಾಮ್ರದ ತಂತಿ ಮೊದಲಿಗಿಂತ 60 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರ ಪ್ರತಿರೋಧ ಸುಮಾರು ಕಾಲುಭಾಗ ಹೆಚ್ಚುತ್ತದೆ. ಮೊದಲೇ ಬಳಲಿದ ಸೊಲೆನಾಯ್ಡ್ ಸುರುಳಿ ಆಗ ಎಳೆಯುವ ಶಕ್ತಿಯನ್ನು ಕಳೆದುಕೊಂಡು, ತಣಿದ ಮೇಲೆ ಮತ್ತೆ ಪಡೆಯುತ್ತದೆ.

ಇನ್ನು ಸೆಲ್ಫ್ ಚೆನ್ನಾಗಿ ಹೊಡೆದರೂ ಎಂಜಿನ್ ಹತ್ತದಿರುವ ಕಾಯಿಲೆ. ಪೆಟ್ರೋಲ್ ಕಾರಿನಲ್ಲಿ ಕೀಲಿಯನ್ನು ‘ಆನ್’ ಮಾಡಿದೊಡನೆ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡ್ ಫ್ಯೂಯಲ್ ಪಂಪಿನ ಗುಂಯ್‌ಗುಟ್ಟುವಿಕೆ ಕೇಳಿಸಬೇಕು, ಕೇಳಿಸದಿದ್ದರೆ ಪಂಪ್, ಅದರ ಫ್ಯೂಸ್, ರಿಲೇ ನೋಡಬೇಕು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಕಿಂಚಿತ್ತೂ ಅಲುಗದಿದ್ದರೆ ಅನೇಕ ಕಾರುಗಳಲ್ಲಿ ಅದು ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕಡೆಗೆ ಬೆರಳು ತೋರಿಸುತ್ತದೆ, ಇದೂ ಬಿಸಿಯಲ್ಲಿ ಸತ್ತು ತಣ್ಣಗಾದ ಮೇಲೆ ಬದುಕುವ ಜಾತಿಯದು. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಗುರುತಿನ ದೀಪ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ನಿಮ್ಮ ಕೀಲಿಯನ್ನು ಗುರುತಿಸುತ್ತಿಲ್ಲ, ಇನ್ನೊಂದು ಕೀಲಿಯಿಂದ ಪ್ರಯತ್ನಿಸಿ. ಕಾಫಿ ಕೊಯ್ಲಿನ ಡಿಸೆಂಬರ್ ಮುಂಜಾನೆಗಳಲ್ಲಿ ಮಾತ್ರ ತಕರಾರು ಮಾಡುವ ಡೀಸೆಲ್ ಗಾಡಿಯಲ್ಲಿ, ತಣ್ಣಗಿನ ಎಂಜಿನ್ನನ್ನು ಒಳಗಿನಿಂದ ಬಿಸಿ ಮಾಡುವ ಹೀಟರ್ ಪ್ಲಗ್‌ಗಳನ್ನು ಮೊದಲು ಪರೀಕ್ಷಿಸುವುದು ಲೇಸು.

ಮಳೆಗಾಲದಲ್ಲಿ ಶೆಡ್ಡಿನಲ್ಲೇ ವಾರಗಟ್ಟಲೆ ನಿಲ್ಲುವ ಕಾರುಗಳದು ಮತ್ತೊಂದು ಬಗೆ. ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರಂ ಮುಂತಾದವು ಸ್ವಲ್ಪ ಕರೆಂಟ್ ಎಳೆಯುತ್ತವೆ, ಅದು 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಕ್ಯಾಮೆರಾಗಳ ತಪ್ಪು ವೈರಿಂಗ್‌ನಿಂದಲೋ ಇಲಿ ಕಡಿದ ತಂತಿಯಿಂದಲೋ ಅದು 200 ಆದರೆ ದಿನಕ್ಕೆ 4.8 ಆಂಪಿಯರ್‌ಅವರ್ ಸೋರಿ, 35 ಆಂಪಿಯರ್‌ಅವರ್‌ನ ಬ್ಯಾಟರಿ ಒಂದೇ ವಾರದಲ್ಲಿ ಬರಿದಾಗುತ್ತದೆ. ಇದನ್ನು ಪತ್ತೆ ಹಚ್ಚಲು ಬಾಗಿಲು, ಡಿಕ್ಕಿ ಎಲ್ಲ ಮುಚ್ಚಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಕಂಬಕ್ಕೂ ತಂತಿಗೂ ನಡುವೆ ಆಂಪಿಯರ್ ಮೀಟರ್ ಇಟ್ಟು, ಕಾರಿನೊಳಗಿನ ಕಂಪ್ಯೂಟರ್‌ಗಳು ವಿಶ್ರಾಂತಿಗೆ ಹೋಗುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಆಮೇಲೂ ಮುಳ್ಳು ಇಳಿಯದಿದ್ದರೆ ಒಂದೊಂದಾಗಿ ಫ್ಯೂಸ್ ಕೀಳುತ್ತಾ ಹೋಗಿ, ಯಾವ ಫ್ಯೂಸ್ ಕಿತ್ತಾಗ ಕರೆಂಟ್ ಇಳಿಯುತ್ತದೆಯೋ ಆ ಸಾಲಿನ ತಂತಿಗಳನ್ನು ಹಿಡಿದು ಹುಡುಕಬೇಕು.